ಪಕ್ಕದ ಬೆಂಚಿನವನ ಕಥೆ

ಹನ್ನೊಂದನೇ ಕಂತು ಅಚ್ಚಾಗಿ ಬಂದ ಶುಕ್ರವಾರ ಅಕ್ಕ ಒಲೆ ಹಚ್ಚಲಿಲ್ಲ.

ಲೇಖಕಿ ಏಳು ಗಂಟೆಗೆ ಅಡುಗೆಮನೆಗೆ ಬಂದಾಗ ಹಾಲಿನ ಪಾತ್ರೆ ತಣ್ಣಗಿತ್ತು. ಗಂಡನ ಬುತ್ತಿಡಬ್ಬಿ ಖಾಲಿ ಬಾಯಿ ತೆರೆದುಕೊಂಡು ಕಟ್ಟೆಯ ಮೇಲೆ ಕೂತಿತ್ತು. ಮೇಜಿನ ಮೇಲೆ ವಾರಪತ್ರಿಕೆ ಬಿದ್ದಿತ್ತು, ಅವಳ ಧಾರಾವಾಹಿಯ ಪುಟಕ್ಕೇ ಮಡಚಿ. ಅದರ ಮೇಲೆ ಯಾರೋ ಚಹಾದ ಲೋಟ ಇಟ್ಟು ಎತ್ತಿದ ಉಂಗುರದ ಕಲೆ.

ಅಕ್ಕ ಎಂದರೆ ಗಂಡನ ಅಕ್ಕ. ಈಚೆಗೆ ಬೀದಿಗೆಲ್ಲ ಅಕ್ಕ. ಅರವತ್ತಮೂರರ ಹೆಂಗಸು, ಮದುವೆಯಾದವಳಲ್ಲ. ಲೇಖಕಿ ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷ, ಅಷ್ಟು ವರ್ಷವೂ ಅಡುಗೆಮನೆ ಅಕ್ಕನ ಕೈಯಲ್ಲೇ ಇತ್ತು. ಹದಿನಾಲ್ಕು ಕಾದಂಬರಿ ಬರೆಯಲು ಬಿಡುವು ಹೇಗೆ ಸಿಕ್ಕಿತು ಎಂದು ಯಾರಾದರೂ ಕೇಳಿದರೆ ಲೇಖಕಿ, "ನಮ್ಮನೇಲಿ ಅಕ್ಕ ಇದ್ದಾರಲ್ಲ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಅವಳು ತಮಾಷೆಗೆ ಹೇಳುತ್ತಿರಲಿಲ್ಲ.

ಅಕ್ಕನ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.

"ಅಕ್ಕಾ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ."

"ಮತ್ತೆ?"

"ಮತ್ತೇನು ಮತ್ತೆ? ನನ್ನ ಪೆಟ್ಟಿಗೆಗೆ ಕೈ ಹಾಕಿದವರು ಯಾರು ಅಂತ ಮೊದಲು ಹೇಳು. ಒಲೆ ವಿಷಯ ಆಮೇಲೆ ಮಾತಾಡೋಣ."

"ನಿಮ್ಮ ಪೆಟ್ಟಿಗೆನಾ? ಯಾರು ಮುಟ್ತಾರೆ ಅದನ್ನ?"

"ಯಾರು ಮುಟ್ಟಿದ್ರು ಅನ್ನೋದು ನಿನಗೆ ಗೊತ್ತು. ಊರಿಗೆಲ್ಲ ಗೊತ್ತಾಗೋ ಹಾಗೆ ಬರೆದೂ ಆಗಿದೆ. ನಡಿ, ನನಗೆ ಮಾತು ಬೇಡ."

ಹನ್ನೊಂದನೇ ಕಂತಿನಲ್ಲಿ ಇದ್ದದ್ದು ಇಷ್ಟು: ತಮ್ಮನಿಗೆ ದೂರದ ಊರಿನಿಂದ ಓದಿಗೆ ಕರೆದು ಒಂದು ಕಾಗದ ಬರುತ್ತದೆ. ತಮ್ಮ ಮನೆಯಲ್ಲಿಲ್ಲ. ಅಕ್ಕ ಅದನ್ನು ಓದಿ, ಅವನು ಮನೆ ಬಿಟ್ಟು ಹೋಗಬಾರದೆಂದು, ತನ್ನ ತಗಡಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ ಹೂವಿನ ಕಾಗದವನ್ನು ಬಿಡಿಸಿ, ಅದರ ಹಿಂದೆ ಬಚ್ಚಿಡುತ್ತಾಳೆ.

ಮಗಳು ಹಲ್ಲುಜ್ಜುತ್ತಲೇ ಬಂದು ಇಣುಕಿದಳು. ಇಪ್ಪತ್ನಾಲ್ಕರವಳು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. "ಅತ್ತೆ ಯಾಕೆ ಕೂಗಾಡ್ತಿದ್ದಾರೆ?"

"ಚಳಿಗಾಲದಲ್ಲಿ ಉಣ್ಣೆ ಉಂಡೆ ತರೋಕೆ ಅಂತ ಅವರ ಕೋಣೆಗೆ ಹೋಗಿದ್ದೆಯಲ್ಲ, ಪೆಟ್ಟಿಗೆ ತೆಗೆದಿದ್ಯಾ?"

ಮಗಳು ಬ್ರಷ್ಷನ್ನು ಬಾಯಿಂದ ತೆಗೆದಳು. "ಉಣ್ಣೆ ಕಪಾಟಲ್ಲಿತ್ತು. ನನ್ನ ಯಾಕೆ ಕೇಳ್ತೀಯ? ಬರೆದಿದ್ದು ನೀನು."

"ನಾನು ಬರೆದಿದ್ದು ಕೇಳಿದ ಕಥೆ."

"ಯಾರ ಹತ್ರ ಕೇಳಿದ್ದು?"

"ಅದನ್ನ ಹೇಳೋ ಹಾಗಿಲ್ಲ."

"ಓಹೋ," ಎಂದು ಮಗಳು ಬಾಯಿ ಮುಕ್ಕಳಿಸಲು ಹೋದಳು. ಆ 'ಓಹೋ'ದಲ್ಲಿ ಏನೇನಿತ್ತೆಂದು ಲೇಖಕಿಗೆ ಅರ್ಥವಾಯಿತು. ತಾಯಿ ಪೆಟ್ಟಿಗೆ ತೆಗೆದು ನೋಡಿ, ಈಗ ಹೇಳುವ ಹಾಗಿಲ್ಲ ಎಂಬ ನಿಯಮದ ಹಿಂದೆ ಅಡಗಿಕೊಂಡಿದ್ದಾಳೆ ಎಂಬ ಅನುಮಾನ.

ಕಥೆ ಹೇಳಿದ್ದು ಗಂಡ. ಅವನು ಬಸ್ ಡಿಪೋದಲ್ಲಿ ಟಿಕೆಟ್ ಯಂತ್ರ ರಿಪೇರಿ ಮಾಡುತ್ತಿದ್ದ. ಚಳಿ ಜೋರಾಗಿದ್ದಾಗ ಒಂದು ಸಂಜೆ, ಕಾಲುಚೀಲ ಎಳೆದು ತೆಗೆಯುತ್ತ, "ನಮ್ಮ ಪಕ್ಕದ ಬೆಂಚಿನವನದು ಒಂದು ಕಥೆ ಇದೆ, ಕೇಳು" ಎಂದು ಶುರು ಮಾಡಿದ್ದ. ಹೇಳಿ ಮುಗಿಸಿ, "ನನ್ನ ಹೆಸರು ಎಲ್ಲೂ ಎತ್ತಬೇಡ, ಪಾಪ, ನಂಬಿ ಹೇಳಿದಾನೆ" ಎಂದಿದ್ದ. ಹೀಗೆ ಅವನು ತಂದ ಕಥೆಗಳು ವರ್ಷಕ್ಕೆ ಒಂದೋ ಎರಡೋ ಅವಳ ಪುಸ್ತಕಗಳಿಗೆ ಸೇರಿದ್ದವು. ಯಾರಿಂದ ಕೇಳಿದೆ ಎಂಬುದನ್ನು ಅವಳು ಎಂದೂ ಬಾಯಿ ಬಿಟ್ಟವಳಲ್ಲ.

ಹನ್ನೊಂದನೇ ಕಂತು ಬಂದ ವಾರವೇ ಚಳಿ ಬಿಟ್ಟಿತು. ಕಿಟಕಿಯ ಸಂದುಗಳಿಗೆ ಅಂಟಿಸಿದ್ದ ಕಾಗದದ ಪಟ್ಟಿಗಳನ್ನು ಬೀದಿಯವರೆಲ್ಲ ಕಿತ್ತು ಹಾಕಿದರು. ಕಟಕಟೆಗಳ ಮೇಲೆ ರಜಾಯಿಗಳು ಬಿಸಿಲು ಕಾಯುತ್ತಿದ್ದವು. ಚರಂಡಿಯ ಪಕ್ಕದ ಬೋಳು ಮರಕ್ಕೆ ಮೊಳಕೆಯಂಥ ಚಿಗುರು. ಬೇರೆ ವರ್ಷಗಳಲ್ಲಿ ಇದು ಲೇಖಕಿಯ ಸುಗ್ಗಿಕಾಲ. ನಾಲ್ಕು ತಿಂಗಳು ಮುಚ್ಚಿದ್ದ ಕಿಟಕಿಗಳು ತೆರೆದರೆ ಒಳಗಿನ ಜಗಳಗಳೆಲ್ಲ ಬೀದಿಗೆ ಬೀಳುತ್ತವೆ. ಕೈಚೀಲ ಹಿಡಿದು ನಿಧಾನ ನಡೆದರೆ ಸಾಕು, ಎರಡು ಅಧ್ಯಾಯಕ್ಕಾಗುವಷ್ಟು ಮಾತು ಸಿಗುತ್ತಿತ್ತು.

ಈ ಸಲ ಕಿಟಕಿ ತೆರೆದವು, ಬಾಯಿ ಮುಚ್ಚಿದವು.

ಇಸ್ತ್ರಿ ಅಂಗಡಿಯಲ್ಲಿ ಮೂರು ಜನ ಕೂತು ಹರಟುತ್ತಿದ್ದರು. ಅವಳು ಮೆಟ್ಟಿಲು ಹತ್ತುವಷ್ಟರಲ್ಲಿ ಇಸ್ತ್ರಿಯವನು, "ಕಥೆಯಮ್ಮ ಬಂದ್ರು, ಕಥೆಯಮ್ಮ" ಎಂದ, ಹಾವು ಬಂತು ಎನ್ನುವ ಹಾಗೆ. ಮೂವರೂ ಕೋಟುಗಳ ಗುಂಡಿ ಎಣಿಸತೊಡಗಿದರು.

"ಯಾಕ್ರೀ, ಏನು ಮಾತಾಡ್ತಿದ್ರಿ?"

"ಏನಿಲ್ಲಮ್ಮ. ಹವಾಮಾನ."

ಔಷಧಿ ಅಂಗಡಿಯವನು ಚಿಲ್ಲರೆ ಕೊಡುತ್ತ ತಗ್ಗಿದ ದನಿಯಲ್ಲಿ, "ನಮ್ಮ ದೊಡ್ಡಪ್ಪನ ಮನೆ ವಿಷಯ ನಿಮಗೆ ಯಾರು ಹೇಳಿದ್ದು? ಆ ಕಾಗದದ್ದು?" ಎಂದು ಕೇಳಿದ. ಮೂಲೆಯ ಟೈಲರಮ್ಮ ಅಳತೆಯ ಟೇಪನ್ನು ಕುತ್ತಿಗೆಗೆ ಸುತ್ತಿಕೊಂಡೇ ಹೊರಗೆ ಬಂದಳು. "ನೀವು ಬರೆದಿದ್ದು ನಮ್ಮತ್ತೆ ವಿಷಯ ತಾನೇ? ಪರವಾಗಿಲ್ಲ, ನನಗೆ ಖುಷಿನೇ. ಆದ್ರೆ ನಮ್ಮನೆಯವರು ಮಾತ್ರ ನಾನೇ ನಿಮ್ಮ ಕಿವಿ ಊದಿದೀನಿ ಅಂತ ಎರಡು ದಿನದಿಂದ ಮುಖ ಊದಿಸಿಕೊಂಡಿದಾರೆ."

ಇಡೀ ಬೀದಿಯಲ್ಲಿ ಬಚ್ಚಿಟ್ಟ ಕಾಗದ ಇಲ್ಲದ ಮನೆ ಒಂದೂ ಇಲ್ಲವೇನೋ ಎನಿಸಿತು ಲೇಖಕಿಗೆ.

ಮನೆಯಲ್ಲಿ ಅಕ್ಕ ತನ್ನ ಕೋಣೆಯೊಳಗೇ ಒಂದು ಪುಟ್ಟ ಸ್ಟವ್ ಇಟ್ಟುಕೊಂಡು ಒಬ್ಬಳಿಗಾಗುವಷ್ಟು ಬೇಯಿಸಿಕೊಳ್ಳತೊಡಗಿದಳು. ಬಾಗಿಲಿಗೆ ಹೊಸ ಬೀಗ ಬಂತು. ಸ್ನಾನಕ್ಕೆ ಹೋಗುವಾಗಲೂ ಬೀಗ ಹಾಕಿ ಕೀಲಿಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡು ಹೋಗುತ್ತಿದ್ದಳು. ಬಾಗಿಲ ಸಂದಿನಿಂದ ಹುರಿದ ಈರುಳ್ಳಿಯ ವಾಸನೆ ಬರುತ್ತಿತ್ತು, ಹೊರಗೆ ಮೂವರು ಒಣ ಬ್ರೆಡ್ಡು ಅಗಿಯುತ್ತಿದ್ದರು. ಲೇಖಕಿ ಎರಡು ದಿನ ಅಡುಗೆ ಮಾಡಿದಳು. ಮೊದಲ ದಿನ ಉಪ್ಪು ಮರೆತಳು, ಎರಡನೇ ದಿನ ಮರೆತದ್ದನ್ನೂ ಸೇರಿಸಿ ಹಾಕಿದಳು.

"ಅಮ್ಮ, ಹದಿನಾಲ್ಕು ಕಾದಂಬರೀಲಿ ಎಷ್ಟು ಜನಕ್ಕೆ ಊಟ ಬಡಿಸಿದೀಯ?" ಎಂದಳು ಮಗಳು.

"ಮುಚ್ಕೊಂಡು ತಿನ್ನು."

ಗಂಡ ಮಾತ್ರ ದೂರಲಿಲ್ಲ. ಹೊಟ್ಟೆಯ ವಿಷಯದಲ್ಲಿ ಭಾರೀ ಕಟ್ಟುನಿಟ್ಟಿನ ಮನುಷ್ಯ. ಆಲೂಗಡ್ಡೆ ಸ್ವಲ್ಪ ಗಟ್ಟಿಯಿದ್ದರೂ ತಟ್ಟೆ ಸರಿಸುತ್ತಿದ್ದವನು ಈಗ ಕರಕಲು ಕೆರೆದು ತಿಂದು, ಬೆರಳು ಒರೆಸಿಕೊಂಡು, "ಇರಲಿ, ಎಲ್ಲ ಸರಿ ಹೋಗುತ್ತೆ" ಎನ್ನುತ್ತಿದ್ದ. ಅವನ ಮುಖದಲ್ಲಿ ಒಂಥರಾ ಲವಲವಿಕೆ.

ಮುಂದಿನ ಶುಕ್ರವಾರ ಅವನೇ ಪತ್ರಿಕೆ ಕೊಂಡು ತಂದ. ಇಪ್ಪತ್ತೇಳು ವರ್ಷದಲ್ಲಿ ಹೆಂಡತಿ ಬರೆದದ್ದನ್ನು ಅವನು ಓದಿದ್ದೇ ಅಪರೂಪ. 'ನಾನು ಹೇಳಿದ್ದನ್ನ ನಾನೇ ಓದಬೇಕಾ' ಎನ್ನುವುದು ಅವನ ಹಳೇ ಜೋಕು. ಆವತ್ತು ಊಟದ ಮೇಜಿನಲ್ಲಿ ಕನ್ನಡಕ ಏರಿಸಿ, ಹನ್ನೆರಡನೇ ಕಂತನ್ನು ಗಟ್ಟಿಯಾಗಿ ಓದತೊಡಗಿದ. ಕಾಗದ ಬಚ್ಚಿಟ್ಟ ಅಕ್ಕನಿಗೆ ನಿದ್ದೆ ಹತ್ತದ ಭಾಗ ಬಂದಾಗ ದನಿ ಇನ್ನಷ್ಟು ಎತ್ತರಿಸಿದ. ಎದುರಿನ ಮುಚ್ಚಿದ ಬಾಗಿಲಿನ ಹಿಂದೆ ಚಮಚದ ಸದ್ದು ನಿಂತುಹೋಯಿತು.

"ಯಾಕಪ್ಪ ಅಷ್ಟು ಜೋರಾಗಿ ಓದ್ತೀಯ? ನಾವೇನು ಕಿವುಡರಾ?" ಎಂದಳು ಮಗಳು.

"ಚೆನ್ನಾಗಿ ಬರೆದಿದಾಳೆ ನಿಮ್ಮಮ್ಮ. ಚೆನ್ನಾಗಿರೋದನ್ನ ಗಟ್ಟಿಯಾಗಿ ಓದಬೇಕು." ಅವನು ಹೆಂಡತಿಯ ಕಡೆ ತಿರುಗಿದ. "ಮುಂದೇನಾಗುತ್ತೆ? ಸಿಕ್ಕಿಬೀಳ್ತಾಳೆ ತಾನೇ ಆ ಹೆಂಗಸು?"

"ಇನ್ನೂ ಯೋಚಿಸಿಲ್ಲ."

"ಸಿಕ್ಕಿಬೀಳಬೇಕು. ಎಲ್ಲರ ಮುಂದೆ. ಇಲ್ಲಾಂದ್ರೆ ಓದೋರಿಗೆ ನ್ಯಾಯ ಸಿಕ್ಕ ಹಾಗಾಗಲ್ಲ."

ಲೇಖಕಿ ಅವನ ಮುಖವನ್ನು ನೋಡಿದಳು. ಓದುಗರ ನ್ಯಾಯದ ಬಗ್ಗೆ ಅವನು ಹಿಂದೆಂದೂ ತಲೆ ಕೆಡಿಸಿಕೊಂಡವನಲ್ಲ.

ಮುಂದಿನ ಬುಧವಾರ ಅವಳು ಡಿಪೋಗೆ ಹೋದಳು. ಬುಧವಾರ ಗಂಡ ಊರಾಚೆಯ ಇನ್ನೊಂದು ಡಿಪೋಗೆ ಹೋಗುತ್ತಾನೆ ಎಂದು ತಿಳಿದೇ ಹೊರಟದ್ದು. ತಾನು ಕದ್ದುಮುಚ್ಚಿ ಹೋಗುತ್ತಿದ್ದೇನೆ ಎಂಬುದು ಬಸ್ಸಿನಲ್ಲಿ ಕೂತ ಮೇಲೆ ಅವಳಿಗೇ ನಾಚಿಕೆ ತಂದಿತು, ಆದರೂ ಇಳಿಯಲಿಲ್ಲ.

ರಿಪೇರಿ ಕೋಣೆಯಲ್ಲಿ ಇದ್ದದ್ದು ಎರಡೇ ಬೆಂಚು. ಒಂದು ಗಂಡನದು, ಸ್ಕ್ರೂಗಳನ್ನು ಅಳತೆವಾರು ಡಬ್ಬಿಗಳಲ್ಲಿಟ್ಟ ಬೆಂಚು. ಇನ್ನೊಂದರಲ್ಲಿ ಗುಂಡಗಿನ ಮನುಷ್ಯನೊಬ್ಬ ಒಂದು ಯಂತ್ರದ ಹೊಟ್ಟೆ ಬಗೆದು ಕೂತಿದ್ದ. ಅವಳನ್ನು ಕಂಡು ಎದ್ದು, ಸ್ಟೂಲನ್ನು ಅಂಗಿಯ ತೋಳಿನಿಂದ ಒರೆಸಿ ಕೊಟ್ಟ.

"ಮನೇಲಿ ಎಲ್ಲ ಚೆನ್ನಾಗಿದ್ದಾರಾ?" ಎಂದು ಕೇಳಿದಳು ಅವಳು. "ನಿಮ್ಮ ಅಕ್ಕ ಹೇಗಿದ್ದಾರೆ?"

"ಅಕ್ಕನಾ? ನನಗೆ ಅಕ್ಕ ಎಲ್ಲಿಂದ ಬಂದ್ಲು ಮೇಡಂ? ಹೆಣ್ಣು ಬೇಕು, ಹೆಣ್ಣು ಬೇಕು ಅಂತ ನಮ್ಮಮ್ಮ ಐದು ಸಲ ಪ್ರಯತ್ನಪಟ್ಲು. ಐದನೆಯವನೇ ನಾನು. ನನ್ನ ಮುಖ ನೋಡಿದ ಮೇಲೆ ಆಸೆ ಬಿಟ್ಲು."

ಅವಳು ನಗಲು ಪ್ರಯತ್ನಿಸಿದಳು. "ಈ ಬೆಂಚಲ್ಲಿ ಮುಂಚೆ ಬೇರೆ ಯಾರಾದ್ರೂ ಇದ್ರಾ?"

"ಹತ್ತೊಂಬತ್ತು ವರ್ಷದಿಂದ ನಾನೇ. ಯಾಕೆ?"

"ಸುಮ್ನೆ ಕೇಳಿದೆ."

ಹೊರಡುವಾಗ ಅವನು ಬಾಗಿಲವರೆಗೂ ಬಂದ. "ನಿಮ್ಮ ಧಾರಾವಾಹಿ ಚೆನ್ನಾಗಿ ಬರ್ತಿದೆ. ಶುಕ್ರವಾರ ಶುಕ್ರವಾರ ನಿಮ್ಮೆಜಮಾನ್ರು ನಮಗೆಲ್ಲ ಓದಿ ಹೇಳ್ತಾರೆ. ಆ ಕಾಗದ ಕದ್ದವಳಿಗೆ ಏನು ಗತಿ ಕಾಣಿಸ್ತೀರಿ? 'ನೋಡ್ತಿರು, ಅವಳು ಬೀದಿಗೆ ಬರ್ತಾಳೆ' ಅಂತಾರಪ್ಪ ಅವರು."

ಆ ಸಂಜೆ ಬೆಳಕು ಇನ್ನೂ ಆರಿರಲಿಲ್ಲ. ಕಿಟಕಿ ತೆರೆದಿತ್ತು. ಮೂವರೂ ಮೇಜಿಗೆ ಕೂತಿದ್ದರು. ನಡುವೆ ಅರೆಬೆಂದ ಆಲೂಗಡ್ಡೆ, ಬೇಯಿಸಿದ ಮೊಟ್ಟೆ. ಲೇಖಕಿ ಎದ್ದು ಕಿಟಕಿ ಮುಚ್ಚಿ ಬಂದಳು.

"ಸೆಕೆಯಾಗುತ್ತೆ," ಎಂದ ಗಂಡ.

"ಆಗಲಿ. ನಿಮ್ಮ ಪಕ್ಕದ ಬೆಂಚಿನವರಿಗೆ ಅಕ್ಕ ಇಲ್ಲ."

ಅವನು ಮೊಟ್ಟೆ ಸುಲಿಯುತ್ತಿದ್ದ. ಕೈ ನಿಂತಿತು. "ನೀನು ಡಿಪೋಗೆ ಹೋಗಿದ್ದೆಯಾ?"

"ಹೋಗಿದ್ದೆ."

"ನಾನಿಲ್ಲದ ದಿನ ನೋಡ್ಕೊಂಡು? ನನ್ನ ಮೇಲೆ ಪತ್ತೇದಾರಿಕೆ ಮಾಡ್ತೀಯಾ?"

"ಮಾಡಿದೆ. ಆ ಕಥೆ ಯಾರದು?"

"ಯಾರದೋ ಒಂದು. ಕಥೆ ಬೇಕಾಗಿತ್ತು ನಿನಗೆ, ಹೇಳಿದೆ. ಚೆನ್ನಾಗಿ ಬಂತಲ್ಲ, ಇನ್ನೇನು?"

"ಪೆಟ್ಟಿಗೆ ಮುಚ್ಚಳ, ಹೂವಿನ ಕಾಗದ, ಅದರ ಹಿಂದೆ ಪತ್ರ. ಇದೆಲ್ಲ ನಿಮಗೆ ಯಾರು ಹೇಳಿದ್ರು?"

ಎದುರಿನ ಬಾಗಿಲ ಚಿಲಕ ತೆಗೆದ ಸದ್ದಾಯಿತು. ಹನ್ನೆರಡು ದಿನದ ಮೇಲೆ ಅಕ್ಕ ಊಟದ ಹೊತ್ತಿಗೆ ಹೊರಗೆ ಬಂದಿದ್ದಳು. ಕೈಯಲ್ಲಿ ಇನ್ನೂ ಸೌಟು.

"ಇವಳು ನನ್ನ ಪೆಟ್ಟಿಗೆ ತೆಗೆದಿಲ್ವಾ?" ಎಂದು ತಮ್ಮನನ್ನು ಕೇಳಿದಳು.

ಅವನು ಮತ್ತೆ ಮೊಟ್ಟೆ ಸುಲಿಯತೊಡಗಿದ.

"ನೀನು ತೆಗೆದಿದ್ದೆಯಾ?"

"ಹೌದು."

"ಯಾವಾಗ?"

"ಆಗಲೇ. ಕಾಗದ ಬಂದ ವರ್ಷವೇ, ಚಳಿಗಾಲದಲ್ಲಿ. ಅಮ್ಮನಿಗೆ ಶಾಲು ಹುಡುಕ್ತಾ ತೆಗೆದೆ. ಹೂವಿನ ಕಾಗದ ಉಬ್ಬಿಕೊಂಡಿತ್ತು. ನೋಡಿ, ಮತ್ತೆ ಅಲ್ಲೇ ಇಟ್ಟೆ."

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಮಗಳು ಕೇಳಿದಳು: "ಹಾಗಾದ್ರೆ ಅದು ನಿಜವಾ? ಅತ್ತೆ, ನೀವು ಅಪ್ಪನಿಗೆ ಬಂದ ಕಾಗದ ಬಚ್ಚಿಟ್ಟಿದ್ರಾ?"

"ಬಚ್ಚಿಟ್ಟೆ. ಅಮ್ಮ ಹಾಸಿಗೆ ಹಿಡಿದು ಎರಡು ವರ್ಷ ಆಗಿತ್ತು. ಇವನು ಹಡಗಿನ ಎಂಜಿನ್ ಕಲಿಯೋಕೆ ಬಂದರಿನ ಊರಿಗೆ ಹೋಗಿಬಿಟ್ರೆ, ರೋಗದ ಅಮ್ಮ, ನಾನು, ನಾಲ್ಕು ಗೋಡೆ. ಹೆದರಿಕೆ ಆಯ್ತು. ಮೊದಲನೇ ಸಾಲು ಓದಿದವಳೇ ಒಳಗೆ ತುರುಕಿಬಿಟ್ಟೆ. ಒಂದು ವಾರ ಇಟ್ಟು ಕೊಡೋಣ ಅಂದ್ಕೊಂಡೆ. ಕೊಡೋಕಾಗಲಿಲ್ಲ." ಅವಳು ತಮ್ಮನ ಕಡೆ ತಿರುಗಿದಳು. "ಆವತ್ತಿಂದ ದಿನಾ ಬೆಳಿಗ್ಗೆ ಐದೂವರೆಗೆ ಎದ್ದಿದೀನಿ ಕಣೋ. ನೋಡೋಕೆ ಬಂದ ಎರಡು ಗಂಡುಗಳಿಗೂ ಬೇಡ ಅಂದೆ. ನಿನ್ನ ಓದು ತಿಂದುಹಾಕಿದೀನಿ, ನಿನಗೆ ಊಟನಾದ್ರೂ ಹಾಕೋಣ ಅಂತ. ನಿನಗೆ ಇಷ್ಟ ಅಂತ ಚಳಿಯಲ್ಲೂ ಬಟಾಣಿ ಹುಡುಕ್ಕೊಂಡು ಸಂತೆ ಸುತ್ತಿದೀನಿ. ಮೂವತ್ನಾಲ್ಕು ವರ್ಷ! ನೀನು ಗೊತ್ತಿದ್ದೂ ತಿಂದೆಯಾ?"

"ನೀನು ಬಡಿಸಿದೆ. ನಾನು ತಿಂದೆ."

"ಒಂದು ದಿನ ಬಾಯಿಬಿಟ್ಟು ಬೈದಿದ್ರೆ ಮುಗೀತಿತ್ತಲ್ಲೋ."

"ಬೈದಿದ್ರೆ ಏನು ಸಿಗ್ತಿತ್ತು? ಹೋದ ಬದುಕು ವಾಪಸ್ ಬರ್ತಿತ್ತಾ?" ಅವನ ದನಿ ಏರಿತು. "ಈ ಚಳಿಗಾಲ ನಿವೃತ್ತಿ ಕಾಗದ ಕೈಗೆ ಬಂತು. ಇನ್ನು ಎರಡು ವರ್ಷ, ಆಮೇಲೆ ಮನೆಗೆ ನಡಿ ಅಂತ. ಕೂತು ಯೋಚಿಸಿದೆ. ಏನು ಮಾಡಿದೀನಿ ನಾನು? ಟಿಕೆಟ್ ಯಂತ್ರದ ಹಲ್ಲು ಉಜ್ಜಿದೀನಿ. ಸಮುದ್ರ ಸುತ್ತಬೇಕಾದವನು! ಯಾರಾದ್ರೂ ಒಬ್ರು ಇದನ್ನ ಹೇಳಬೇಕು ಅನ್ನಿಸ್ತು. ನನ್ನ ಬಾಯಲ್ಲಿ ಬರಲಿಲ್ಲ."

"ಅದಕ್ಕೆ ನನ್ನ ಕೈಯಲ್ಲಿ ಹೇಳಿಸಿದ್ರಿ," ಎಂದಳು ಲೇಖಕಿ. "ನನಗೆ ಸುಳ್ಳು ಹೇಳಿ, ನನ್ನಿಂದ ಬರೆಸಿ, ಅದನ್ನ ತಂದು ಅವರ ಬಾಗಿಲ ಮುಂದೆ ಗಟ್ಟಿಯಾಗಿ ಓದಿದ್ರಿ."

"ನಾನು ಸುಳ್ಳು ಹೇಳಿಲ್ಲ. ಹೆಸರು ಬದಲಾಯಿಸಿದೆ. ನೀನು ಮಾಡೋದೂ ಅದನ್ನೇ ತಾನೇ?"

ಅಕ್ಕ ಎದ್ದು ಒಳಗೆ ಹೋಗಿ ಬಂದಳು. ಮಡಿಕೆಯಲ್ಲಿ ಹರಿಯುವಂತಾಗಿದ್ದ, ಹಳದಿಗಟ್ಟಿದ ಒಂದು ಕಾಗದವನ್ನು ಮೊಟ್ಟೆಯ ಸಿಪ್ಪೆಗಳ ಪಕ್ಕ ಇಟ್ಟಳು. "ತಗೋ. ನಿಂದು."

ಅವನು ಮುಟ್ಟಲಿಲ್ಲ. ಮಗಳು ಕೈ ಒರೆಸಿಕೊಂಡು ಅದನ್ನು ಬಿಡಿಸಿದಳು. ಸಣ್ಣ ಅಕ್ಷರ ಅವಳ ಕಣ್ಣಿಗೆ ಕಷ್ಟವಲ್ಲ. ಮೇಲಿನಿಂದ ಓದುತ್ತ ಬಂದು ಕೆಳಗಿನ ಒಂದು ಸಾಲಿನಲ್ಲಿ ತಡೆದಳು.

"ಅಪ್ಪಾ, ನೀನಿದನ್ನ ನೋಡಿದ್ದು ಆ ವರ್ಷದ ಚಳಿಗಾಲದಲ್ಲಿ ಅಂದ್ಯಲ್ಲ?"

"ಹೂಂ."

"ಇದು ಬಂದಿರೋದು ಬೇಸಿಗೇಲಿ. ಕೆಳಗೆ ಒಂದು ಸಾಲಿದೆ. 'ಈ ವರ್ಷ ಸೇರಲು ಅನನುಕೂಲವಿದ್ದಲ್ಲಿ, ಮುಂದಿನ ವರ್ಷದ ಇದೇ ತಿಂಗಳವರೆಗೆ ತಮ್ಮ ಸ್ಥಾನವನ್ನು ಕಾಯ್ದಿರಿಸಲಾಗುವುದು.'"

"ಏನಂದೆ?" ಎಂದಳು ಅಕ್ಕ. "ಇನ್ನೊಂದು ಸಲ ಓದು."

ಮಗಳು ಇನ್ನೊಂದು ಸಲ ಓದಿದಳು. ಆ ಸಾಲು ಅಕ್ಕನ ಕಿವಿಗೆ ಬಿದ್ದದ್ದು ಅದೇ ಮೊದಲು.

"ಆರು ತಿಂಗಳು ಟೈಮಿತ್ತು ನಿನಗೆ," ಎಂದಳು ಮಗಳು. "ಓದಿದ್ಯಾ ಈ ಸಾಲು?"

ಅವನು ಸುಲಿದ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟ. ಅದು ಉರುಳಿ ಅಂಚಿಗೆ ಹೋಗಿ ನಿಂತಿತು.

"ಓದಿದ್ದೆ."

"ಮತ್ತೆ?"

"ಅರ್ಜಿ ಹಾಕಿದ್ದು ಗೆಳೆಯರ ಜೊತೆ ಹುರುಪಲ್ಲಿ. ಕಾಗದ ಬರಲಿಲ್ಲ ಅಂದಾಗ ಒಳಗೊಳಗೇ ಸಮಾಧಾನ ಆಗಿತ್ತು. ಆಮೇಲೆ ಇದು ಸಿಕ್ತು. ಹೋಗಬಹುದಾಗಿತ್ತು. ನನಗೆ... ನನಗೆ ನೀರು ಕಂಡ್ರೆ ಭಯ." ಅವನು ಯಾರ ಮುಖವನ್ನೂ ನೋಡಲಿಲ್ಲ. "ಅಕ್ಕ ತಡೆದ್ಲು ಅಂದ್ಕೊಂಡ್ರೆ ಸುಲಭ ಆಗ್ತಿತ್ತು. ಅಂದ್ಕೋತಾ ಅಂದ್ಕೋತಾ ಅದೇ ನಿಜ ಆಗೋಯ್ತು."

ಅಕ್ಕ ಅಳುತ್ತಾಳೆ ಎಂದು ಲೇಖಕಿ ಅಂದುಕೊಂಡಳು. ಅಕ್ಕ ಅಳಲಿಲ್ಲ. ಸೌಟನ್ನು ಮೇಜಿನ ಮೇಲಿಟ್ಟು, "ಆ ಆಲೂಗಡ್ಡೆ ಬೆಂದಿಲ್ಲ. ಮೂವರಿಗೂ ಹೊಟ್ಟೆ ನೋಯುತ್ತೆ" ಎಂದು ಹೇಳಿ ಕೋಣೆಗೆ ಹೋದಳು. ಈ ಸಲ ಬಾಗಿಲು ಹಾಕಲಿಲ್ಲ.

ಮುಂದಿನ ದಿನಗಳಲ್ಲಿ ಗಂಡ ಹೆಂಡತಿಯರ ನಡುವೆ ಮಾತು ಲೆಕ್ಕಕ್ಕಷ್ಟೇ ಇತ್ತು. ಲೇಖಕಿ ತನ್ನ ಹಳೆಯ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ, ಅವನು ಹೇಳಿದ್ದ ಕಥೆಗಳನ್ನೆಲ್ಲ ಹುಡುಕಿ ಹುಡುಕಿ ಓದಿದಳು. ಡ್ರೈವರನ ಅತ್ತೆ ಯಾರು? ಲಂಚ ಮುಟ್ಟದ ಆ ಕಂಡಕ್ಟರು ಯಾರು, ಗಂಡನೇ ಇರಬಹುದಾ? ಏಳನೇ ಕಾದಂಬರಿಯಲ್ಲಿ ಒಬ್ಬ ಗುಮಾಸ್ತನ ಹೆಂಡತಿ ಬರುತ್ತಾಳೆ. ಪತ್ರಿಕೆಯಲ್ಲಿ ಬಂದ ತನ್ನ ಫೋಟೋವನ್ನು ಯಾರೂ ಇಲ್ಲದಾಗ ತೆಗೆದು ನೋಡಿಕೊಳ್ಳುವವಳು, ಮಗುವಿಗೆ ಜ್ವರ ಬಂದಾಗಲೂ 'ಒಂದು ಪುಟ ಮುಗಿಸಿ ಬರ್ತೀನಿ' ಎನ್ನುವವಳು. ಓದುಗರೆಲ್ಲ ಮೆಚ್ಚಿದ ಪಾತ್ರ. ಗುಮಾಸ್ತನ ಹೆಂಡತಿಗೆ ಮುಗಿಸಬೇಕಾದ ಪುಟ ಯಾವುದಿತ್ತು ಎಂದು ಆವತ್ತು ತಾನೇಕೆ ಕೇಳಿಕೊಳ್ಳಲಿಲ್ಲ?

ಪುಸ್ತಕ ಹಿಡಿದೇ ಅಡುಗೆಮನೆಗೆ ಹೋದಳು. ಗಂಡ ತಳಹಿಡಿದ ಪಾತ್ರೆ ಉಜ್ಜುತ್ತಿದ್ದ.

"ಈ ಗುಮಾಸ್ತನ ಹೆಂಡತಿ ಯಾರು?"

ಅವನು ಪುಸ್ತಕದ ರಟ್ಟು ನೋಡಿದ, ಪಾತ್ರೆ ಉಜ್ಜುವುದನ್ನು ಮುಂದುವರಿಸಿದ.

"ನಾನು ಕೇಳಿದ್ದು ಕೇಳಿಸ್ತಾ?"

"ಕೇಳಿಸ್ತು," ಎಂದು ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದ.

ಅವಳು ಪತ್ರಿಕೆಗೆ ಫೋನು ಮಾಡಿ ಧಾರಾವಾಹಿ ನಿಲ್ಲಿಸುತ್ತೇನೆ ಎಂದಳು. ಸಂಪಾದಕರು ಗಾಬರಿಯಾದರು. "ಐದು ಕಂತು ಬಾಕಿ ಇರೋವಾಗ? ಅವಳು ಸಿಕ್ಕಿಬೀಳ್ತಾಳಾ ಇಲ್ವಾ ಅಂತ ಜನ ಕಾಯ್ತಿದಾರೆ. ಯಾರಾದ್ರೂ ಹೆದರಿಸಿದ್ರಾ ನಿಮ್ಮನ್ನ?" ಎಂದು ಅವರೂ ಅನುಮಾನಪಟ್ಟರು.

ಫೋನಿಟ್ಟಾಗ ಅಕ್ಕ ಹಿಂದೆ ನಿಂತಿದ್ದಳು.

"ನಿಲ್ಲಿಸಬೇಡ. ನಿಲ್ಲಿಸಿದ್ರೆ ಬೀದಿಯವರು ಇಲ್ಲದ್ದನ್ನೆಲ್ಲ ಸೇರಿಸಿಕೊಳ್ತಾರೆ."

"ನಿಮ್ಮ ಬಗ್ಗೆ ಅಂತ ತಿಳಿದ ಮೇಲೆ ನನ್ನ ಕೈ ಹೇಗೆ ಓಡುತ್ತೆ ಅಕ್ಕ?"

"ಓಡುತ್ತೆ. ನಿನ್ನ ಕೈ ನನಗೆ ಗೊತ್ತಿಲ್ವಾ." ಅಕ್ಕ ಮುಂದುವರಿಸಿದಳು: "ಆದ್ರೆ ಆ ಹೆಂಗಸನ್ನ ಬೀದಿಗೆ ತರಬೇಡ. ಅವಳಿಗೊಂದು ಕೋಣೆ ಕೊಡು. ನಾನೂ ಒಂದು ನೋಡಿದೀನಿ. ಟೈಲರಮ್ಮನ ಅಂಗಡಿ ಮೇಲೆ."

"ಅಕ್ಕಾ, ನೀವು ಮನೆ ಬಿಟ್ಟು ಹೋಗೋದಾ? ಅವರು ತಪ್ಪು ಒಪ್ಪಿಕೊಂಡ್ರಲ್ಲ."

"ಅವನು ಒಪ್ಪಿಕೊಂಡ. ನಾನೂ ಒಪ್ಪಿಕೊಂಡೆ. ಋಣ ಹರೀತು. ಇನ್ನೂ ಇಲ್ಲೇ ಇದ್ದು ಐದೂವರೆಗೆ ಏಳೋದು ಯಾಕೆ ಹೇಳು?"

ಲೇಖಕಿ ಬಾಯಿ ತೆರೆದಳು. ಅವಳ ನಾಲಿಗೆಯ ತುದಿಗೆ ಬಂದದ್ದು ತನ್ನ ಅರ್ಧ ಬರೆದ ಹದಿನೈದನೇ ಕಾದಂಬರಿಯ ಮಾತು. ಅದನ್ನು ನುಂಗಿಕೊಂಡಳು.

ಪೆಟ್ಟಿಗೆಯನ್ನು ಮಗಳು ಹೊತ್ತಳು, ಹಾಸಿಗೆಯನ್ನು ಇಸ್ತ್ರಿಯವನ ತಳ್ಳುಗಾಡಿಯಲ್ಲಿ ಹೇರಿದರು. ಹಾಡಹಗಲು, ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು. ಸಂಜೆಯೊಳಗೆ ತೀರ್ಪು ಹೊರಬಿತ್ತು: ಕಥೆಯಮ್ಮ ಗಂಡನ ಅಕ್ಕನನ್ನು ಮನೆಯಿಂದ ಓಡಿಸಿದಳು. ಔಷಧಿ ಅಂಗಡಿಯವನು ಅವಳಿಗೆ ಚಿಲ್ಲರೆಯನ್ನು ಕೈಗೆ ಕೊಡದೆ ಗಾಜಿನ ಮೇಲಿಟ್ಟು ಸರಿಸಿದ. ಮಗಳು ಅಂಗಡಿ ಅಂಗಡಿಗೂ ಹೋಗಿ ವಿವರಿಸುತ್ತೇನೆ ಎಂದು ಹೊರಟಾಗ ಲೇಖಕಿಯೇ ತಡೆದಳು. ಏನೆಂದು ವಿವರಿಸುವುದು? ಯಾರ ಗುಟ್ಟು ಬಿಚ್ಚುವುದು, ಅಪ್ಪನದಾ, ಅತ್ತೆಯದಾ?

ಉಳಿದ ಕಂತುಗಳನ್ನು ಅವಳು ಬರೆದಳು. ಪಾತ್ರೆ ತೊಳೆದ ಮೇಲೆ, ಒದ್ದೆ ಕೈ ಒರೆಸಿಕೊಂಡು, ಅಡುಗೆಮನೆಯ ಮೇಜಿನಲ್ಲೇ. ದಿನಕ್ಕೆ ನಾಲ್ಕು ಪುಟದ ಜಾಗದಲ್ಲಿ ಒಂದು ಪುಟ. ಗಂಡ ಬೆಳಿಗ್ಗೆ ಎದ್ದು ತನ್ನ ಡಬ್ಬಿ ತಾನೇ ತುಂಬಿಕೊಳ್ಳಲು ಕಲಿತ. ಶುಕ್ರವಾರ ಪತ್ರಿಕೆ ತರುವುದನ್ನು ನಿಲ್ಲಿಸಿದ.

ಅಕ್ಕ ಹೊಳೆಯ ಬದಿಯ ಸಸಿ ತೋಟದಲ್ಲಿ ಕೆಲಸಕ್ಕೆ ಸೇರಿದ ಸುದ್ದಿ ಟೈಲರಮ್ಮನಿಂದ ಬಂತು. ವಸಂತದಲ್ಲಿ ಅಲ್ಲಿ ಕೈ ಸಾಲದು. ಮೊಳಕೆಗಳನ್ನು ತಟ್ಟೆಯಿಂದ ಕುಂಡಕ್ಕೆ ಬದಲಿಸುವ ಕೆಲಸ. "ಅವರ ಬೆರಳು ಎಷ್ಟು ಚುರುಕು ಅಂತೀರಿ! ಬೆಳಿಗ್ಗೆ ಎಂಟಕ್ಕೆ ಏಳ್ತಾರೆ, ಗೊತ್ತಾ? ನಾನೇ ಕದ ತಟ್ಟಬೇಕು." ಇಷ್ಟು ಹೇಳಿ ಟೈಲರಮ್ಮ ಬಾಯಿ ಬಿಗಿದುಕೊಂಡಳು. "ಇದನ್ನೂ ಬರೆದುಬಿಡಬೇಡಿ."

ಅಕ್ಕ ಮನೆ ಬಿಟ್ಟ ಮೇಲಿನ ಐದನೇ ಭಾನುವಾರ, ಗಂಡ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತ. "ಅಕ್ಕನ್ನ ನೋಡಿ ಬರ್ತೀನಿ. ನೀನೂ ಬರ್ತೀಯಾ?"

"ಒಬ್ಬರೇ ಹೋಗೋಕೆ ಭಯನಾ?"

"ಹೌದು," ಎಂದ ಅವನು. ಆ ಒಂದು ಮಾತನ್ನು ಅವಳು ಅನುಮಾನಿಸಲಿಲ್ಲ. ಹೊರಟಳು.

ಟೈಲರಮ್ಮನ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು. ಮೆಟ್ಟಿಲಿಗೊಂದರಂತೆ ಹಳೇ ಡಬ್ಬಗಳಲ್ಲಿ ಸಸಿಗಳು. ಮೇಲೆ ಬಾಗಿಲು ತೆರೆದೇ ಇತ್ತು. ಅಕ್ಕ ತೋಳು ಮಡಿಚಿಕೊಂಡು, ಉಗುರಿನಲ್ಲಿ ಮಣ್ಣು, ಬಾಗಿಲಿಗೆ ಬಂದು ಇಬ್ಬರನ್ನೂ ನೋಡಿದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಸ್ವಲ್ಪ ತುಂಬಿಕೊಂಡೂ ಇತ್ತು.

"ಏನು ಬಂದದ್ದು?"

"ಏನಿಲ್ಲ," ಎಂದ ತಮ್ಮ. "ನೋಡೋಣ ಅಂತ."

"ನೋಡಿದ್ಯಲ್ಲ."

ಅವನು ತಲೆಯಾಡಿಸಿದ. ತಿರುಗಿ ಹೋಗುವುದೋ ನಿಲ್ಲುವುದೋ ತಿಳಿಯದೆ ಮೆಟ್ಟಿಲಿನ ಡಬ್ಬವೊಂದನ್ನು ಕಾಲಿನಿಂದ ಸರಿಸಿದ.

"ಅದನ್ನ ಒದೆಯಬೇಡ. ಇನ್ನೂ ಬೇರು ಹಿಡಿದಿಲ್ಲ."

"ಇಲ್ಲ, ಇಲ್ಲ."

"ನನ್ನ ಊಟ ಆಗಿದೆ. ಒಬ್ಬಳಿಗೇ ಮಾಡಿದ್ದು. ನಿಮಗೇನೂ ಇಲ್ಲ."

"ಊಟಕ್ಕೆ ಬಂದಿಲ್ಲ ಅಕ್ಕ."

ಅಕ್ಕ ಅವನ ಮುಖವನ್ನು ಬಹಳ ಹೊತ್ತು ನೋಡಿದಳು, ಅವನ ಮಾತಿನ ಹಿಂದೆ ಇನ್ನೊಂದು ಮಾತಿದೆಯೋ ಎಂದು ಹುಡುಕುವ ಹಾಗೆ. ಕೆಳಗೆ ಹೊಲಿಗೆ ಯಂತ್ರ ನಿಂತು ಮತ್ತೆ ಓಡಿತು.

"ಬೂಟು ಹೊರಗೇ ಬಿಡು," ಎಂದಳು. "ಬೆಳಿಗ್ಗೆ ತಾನೇ ನೆಲ ಒರೆಸಿದೀನಿ."

ಅವನು ಮೆಟ್ಟಿಲಿನ ಮೇಲೆ ಕೂತು ಲೇಸಿಗೆ ಕೈ ಹಾಕಿದ. ಗಂಟು ಬಿಗಿದುಕೊಂಡಿತ್ತು. ಲೇಖಕಿ ಸಹಾಯಕ್ಕೆ ಬಗ್ಗಲಿಲ್ಲ. ಗಂಟು ಬಿಚ್ಚುವಷ್ಟು ಹೊತ್ತೂ ಅಕ್ಕ ಬಾಗಿಲು ಹಿಡಿದುಕೊಂಡೇ ನಿಂತಿದ್ದಳು.